ಚೌಡಾಪುರದ ಪಾಲಾದ ನಮ್ಮ ಊಟ

ಈ ಸಲ ಮೂರೇ ದಿನ ಇರುತ್ತೇನೆ ಎಂದು ಮಗಳು ಫೋನಿನಲ್ಲಿ ಹೇಳಿದಾಗ ನಾನು ಸುಟ್ಟ ಪಂಪೊಂದರ ಹೊಟ್ಟೆಯೊಳಗೆ ಕೈ ಹಾಕಿ ಕರಕಲಾದ ತಾಮ್ರದ ತಂತಿ ಎಳೆಯುತ್ತಿದ್ದೆ. ಪ್ರತಿ ಬೇಸಿಗೆಗೆ ಹತ್ತು ದಿನ ನನ್ನ ಪಾಲಿಗೆ ಬರುತ್ತವೆ, ಕೋರ್ಟಿನ ಕಾಗದದಲ್ಲಿ ಹಾಗೆ ಬರೆದಿದೆ. ಅದರಲ್ಲಿ ಏಳು ದಿನ ಒಂದೇ ಮಾತಿಗೆ ಹೋದವು. "ಸ್ವಿಮಿಂಗ್ ಕ್ಲಾಸ್ ಅದ ಅಪ್ಪಾ," ಅಂದಳು. "ಆಯ್ತು ಬಿಡವ್ವಾ," ಅಂದೆ. ಫೋನ್ ಇಟ್ಟ ಮೇಲೆ ಆ ಪಂಪಿನ ಮೇಲೆ ಸಿಟ್ಟು ತೀರಿಸಿಕೊಂಡೆ. ಅದು ಮೊದಲೇ ಸುಟ್ಟಿತ್ತು, ಪಾಪ.

ಅಫಜಲಪುರದಲ್ಲಿ ನನ್ನದೊಂದು ಮೋಟರ್ ರೀವೈಂಡಿಂಗ್ ಅಂಗಡಿ. ಮಣ್ಣೂರಿನ ಹೊಳೆದಂಡೆಯಿಂದ ಹಿಡಿದು ಅತ್ತ ಜೇವರ್ಗಿ ಕಡೆಯ ಹೊಲಗಳ ತನಕ ಎಲ್ಲಿ ಪಂಪು ಸುಟ್ಟರೂ ಹೊಸ ತಂತಿ ಸುತ್ತಿಸಲು ನನ್ನ ಹತ್ತಿರ ಬರುತ್ತದೆ. ಜನ ನನಗೆ ಮಿಸ್ತ್ರಿ ಅಂತಾರೆ. ಐದು ವರ್ಷದ ಹಿಂದೆ ನಾವು ಗಂಡ ಹೆಂಡತಿ ಬೇರೆಯಾದೆವು. ಅವಳು ಏಳು ವರ್ಷದ ಮಗಳನ್ನು ಕರೆದುಕೊಂಡು ತವರೂರು ಸೋಲಾಪುರಕ್ಕೆ ಹೋದಳು, ಅಲ್ಲೇ ಒಂದು ಶಾಲೆಯಲ್ಲಿ ಟೀಚರ್ ಆದಳು. ತಪ್ಪು ಯಾರದು ಅಂತ ಇಲ್ಲಿ ಬರೆಯಲು ಕೂತರೆ ನನ್ನ ವಕೀಲ ನಾನೇ ಆಗಿಬಿಡುತ್ತೇನೆ, ಅದು ಬೇಡ.

ಅವರು ಹೋದ ದಿನ ಮಾತ್ರ ನಾನೊಂದು ದೊಡ್ಡ ಕೆಲಸ ಮಾಡಿದೆ. ಕೊರಳಲ್ಲಿದ್ದ ಲಿಂಗ ಹಿಡಿದು, ಇನ್ನು ಮುಂದೆ ಸೋಲಾಪುರದಲ್ಲಿ ಕಾಲಿಡುವುದಿಲ್ಲ ಅಂತ ಆಣೆ ಹಾಕಿಕೊಂಡೆ. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ, ನಾನು ಮತ್ತು ನನ್ನ ಸಿಟ್ಟು. ಆದರೆ ನಮ್ಮ ಮನೆತನದವರು ಹೊಲ ಬಿಟ್ಟಾರು, ಹಟ ಬಿಡಲಾರರು. ಅಂದಿನಿಂದ ಮಗಳನ್ನು ಅವಳ ಸೋದರಮಾವ ದುಧನಿ ತನಕ ತಂದು ಬಿಡುತ್ತಾನೆ. ನಾನು ಅಲ್ಲಿಂದ ಬೈಕಿನ ಮೇಲೆ ಕರೆದುಕೊಂಡು ಬರುತ್ತೇನೆ, ರಜೆ ಮುಗಿದರೆ ಅಲ್ಲಿಗೇ ಮುಟ್ಟಿಸುತ್ತೇನೆ.

ಮೂರು ದಿನದ ಸುದ್ದಿ ಬಂದ ಮರುದಿನ ಅವಳ ತಾಯಿಯೂ ಫೋನ್ ಮಾಡಿದಳು. "ಆಕಿಗಿ ಹನ್ನೆರಡು ತುಂಬ್ಯಾವ. ಇನ್ನ ಮುಂದ ಬರೋದು ಬಿಡೋದು ಆಕಿ ಮನಸ್ಸಿಗೆ ಬಿಟ್ಟದ್ದು. ನಾ ಒತ್ತಾಯ ಮಾಡಂಗಿಲ್ಲ. ನೀವೂ ಮುಂದಿನ ಸಲ ಬರ್ತಿ ಏನು, ಬರ್ತಿ ಏನು ಅಂತ ಜೀವಾ ತಿನಬ್ಯಾಡ್ರಿ," ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಅವಳು ಸರಿಯಾದದ್ದು ಹೇಳಿದಾಗ ನನಗೆ ಮೈ ಉರಿಯುವುದು ಹಳೆಯ ಚಾಳಿ. ಆದರೂ ಕೇಳುವುದಿಲ್ಲ ಅಂತ ಮಾತು ಕೊಟ್ಟೆ.

ಮಾತು ಕೊಟ್ಟದ್ದೇನೋ ಹೌದು, ಕೂತಲ್ಲಿ ನಿಂತಲ್ಲಿ ಲೆಕ್ಕ ಹಾಕತೊಡಗಿದೆ. ಈ ಮೂರು ದಿನದಲ್ಲಿ ಅವಳಿಗೆ ಬೇಸರವಾದರೆ ದಸರೆಗೆ ಬರುವುದಿಲ್ಲ. ದಸರೆಗೆ ಬರದಿದ್ದರೆ ಬರುವ ಬೇಸಿಗೆಗೂ ಇಲ್ಲ. ವರ್ಷದಿಂದ ವರ್ಷಕ್ಕೆ ಅವಳು ನನ್ನ ಮನೆಯಲ್ಲಿ ನೆಂಟರ ಹುಡುಗಿಯಾಗುತ್ತಿದ್ದುದು ನನಗೆ ಕಾಣದೇ ಇರಲಿಲ್ಲ. ಬಂದ ಮೊದಲ ವರ್ಷ ಖಾನಾವಳಿಯ ರೊಟ್ಟಿ ಗಟ್ಟಿ ಅಂತ ಅತ್ತು ರಂಪ ಮಾಡಿದ್ದಳು. ಹೋದ ದಸರೆಗೆ ಅದೇ ರೊಟ್ಟಿ ಕೊಟ್ಟು ಹೆಂಗದ ಅಂತ ಕೇಳಿದರೆ, "ಚಂದ ಅದ," ಅಂದಳು. ಆ ಚಂದ ಅದ ಅನ್ನುವ ಮಾತು ನನಗೆ ಅಳುವಿಗಿಂತ ಹೆಚ್ಚು ಚುಚ್ಚಿತು. ಮಕ್ಕಳು ತಮ್ಮ ಮನೆಯಲ್ಲಿ ಊಟಕ್ಕೆ ಹೆಸರಿಡುತ್ತಾರೆ, ಕುಂದು ಹುಡುಕುತ್ತಾರೆ, ಹೊಗಳುವುದು ಬೇರೆಯವರ ಮನೆಯಲ್ಲಿ.

ಆ ದಸರೆಯಲ್ಲಿ ಅವಳು ಮನಸ್ಸು ಬಿಚ್ಚಿ ಮಾತಾಡಿದ್ದು ಒಂದೇ ಸಲ, ಅದೂ ಊಟದ ಬಗ್ಗೆ. ರವಿವಾರಕ್ಕೊಮ್ಮೆ ಅವಳ ತಾಯಿ ಏನೋ ಮೆಕ್ಸಿಕೋ ದೇಶದ ಥರದ ಊಟ ಮಾಡುತ್ತಾಳಂತೆ. ರಾಜ್ಮಾ, ಗೋವಿನಜೋಳ, ಡೊಣ್ಣ ಮೆಣಸಿನಕಾಯಿ, ಟೊಮೆಟೊ ಕೂಡಿಸಿ ಪಲ್ಯ ಮಾಡಿ, ಮೇಲೆ ಚೀಸ್ ಇಟ್ಟು, ಹಿಟ್ಟಿನ ಹಾಳೆಯೊಳಗೆ ಮಡಚಿ ಬೇಯಿಸುವುದು. "ಬಾಳ ಸರಳ ಅಪ್ಪಾ. ಹಿಟ್ಟು ಅಂಗಡ್ಯಾಗ ರೆಡಿಮೇಡ್ ಸಿಗ್ತದ. ತುಂಬಿ ಓವನ್ ಒಳಗ ಇಟ್ರ ಮುಗೀತು," ಅಂತ ಕೈ ತಿರುಗಿಸಿ ತೋರಿಸಿದ್ದಳು. ಈ ಸಲ ಅದನ್ನೇ ಮಾಡೋಣ ಅಂತ ನಿಶ್ಚಯ ಮಾಡಿದೆ. ನನಗೆ ಮಗಳು ಬೇಕಾಗಿದ್ದಳು. ಅದಕ್ಕೆ ಮೆಕ್ಸಿಕೋದ ದಾರಿಯೇ ಹಿಡಿಯಬೇಕೆಂದರೆ ಹಿಡಿಯುವುದು.

ದುಧನಿಯಿಂದ ಅವಳನ್ನು ಕರೆತಂದ ಮರುದಿನ ಬೆಳಿಗ್ಗೆ ವಿಷಯ ಹೇಳಿದೆ. ನಂಬಲಿಲ್ಲ. "ಇಲ್ಲಿ ಓವನ್ ಎಲ್ಲದ ಅಪ್ಪಾ?" ಅಂದಳು. ನನ್ನ ಅಂಗಡಿಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ತಂತಿ ಸುತ್ತಿ ವಾರ್ನಿಶ್ ಹಾಕಿದ ಮೋಟರನ್ನು ಅದರೊಳಗೆ ಇಟ್ಟು ದೊಡ್ಡ ಬಲ್ಬು ಹಚ್ಚಿ ಕಾಯಿಸುತ್ತೇನೆ. ಬಹಳ ಅಭಿಮಾನದಿಂದ ಅದನ್ನೇ ತೋರಿಸಿದೆ. ಅವಳು ಮೂಗು ಹತ್ತಿರ ಒಯ್ದು ನನ್ನ ಮುಖ ನೋಡಿದಳು. "ಇದರಾಗ ಬೇಯಿಸಿದ್ರ ನಮ್ಮನ್ನೂ ರಿಪೇರಿ ಮಾಡಬೇಕಾಗ್ತದ." ಆ ಮಾತು ಕೇಳಿ ಒಳಗೊಳಗೇ ಹಿಗ್ಗಿದೆ. ನನ್ನ ಮೂದಲಿಕೆಯ ನಾಲಿಗೆ ಅವಳಿಗೂ ಬಂದಿದೆ, ಎಲ್ಲವನ್ನೂ ಸೋಲಾಪುರ ಒಯ್ದಿಲ್ಲ ಅನ್ನಿಸಿತು.

ಕೊನೆಗೆ ಬೇಕರಿಯ ಭಟ್ಟಿಯೇ ಗತಿ. ನಮ್ಮ ಕಡೆ ಅದೊಂದು ರೂಢಿ ಇದೆ. ಮದುವೆ, ಹಬ್ಬ, ಬೇಸಿಗೆ ರಜೆ ಬಂತೆಂದರೆ ಹೆಂಗಸರು ಮನೆಯಿಂದ ಮೈದಾ, ಸಕ್ಕರೆ, ತುಪ್ಪ ಒಯ್ದು, ಬೇಕರಿಯ ಟ್ರೇಗಳಲ್ಲಿ ನಾನಕಟಾಯಿ ಬಿಸ್ಕತ್ತು ಸಾಲಾಗಿ ಇಟ್ಟು ಬೇಯಿಸಿಕೊಂಡು ಬರುತ್ತಾರೆ. ಯಾರ ಟ್ರೇ ಯಾವುದು ಅಂತ ತಿಳಿಯಲು ಒಂದೊಂದು ಕಾಗದದ ಚೀಟಿ. ಪಾವ್ ಮಾಡುವ ಹಿಟ್ಟನ್ನೂ ಕೇಳಿದರೆ ತೂಗಿ ಕೊಡುತ್ತಾರೆ. ನಮ್ಮವ್ವ ಆಳಂದ ಕಡೆಯವಳು, ರೊಟ್ಟಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ನಾದಿದ ಹಿಟ್ಟು ಕೊಂಡು ತಂದೆ ಅಂತ ಗೊತ್ತಾಗಿದ್ದರೆ, ಮನೆಯಲ್ಲಿ ಕೈ ಇರೋರು ಯಾರೂ ಇಲ್ಲೇನು ಅಂತ ಇಡೀ ಓಣಿ ಕೇಳುವಂತೆ ಬೈಯುತ್ತಿದ್ದಳು. ಅವಳಿಲ್ಲ ಈಗ. ಮನೆಯಲ್ಲಿ ಕೈ ಇದ್ದದ್ದು ನನ್ನದೇ ಎರಡು, ಅವಕ್ಕೂ ವಾರ್ನಿಶ್ ವಾಸನೆ.

ಬೇಕರಿಯ ಚಾಚಾ ನನ್ನ ಹಳೆಯ ಪರಿಚಯ. ಹಿಟ್ಟು ಕೇಳಿದಾಗ ತಲೆಯಿಂದ ಕಾಲ ತನಕ ನೋಡಿದರು. "ಕ್ಯಾ ಮಿಸ್ತ್ರಿ, ತಂತಿ ಸುತ್ತೋದು ಬಿಟ್ಟು ಪಾವ್ ಸುತ್ತಾಕ ನಿಂತ್ರಿ ಏನು?" ಅಂದರು. "ಮಗಳ ಹಟಾರಿ ಚಾಚಾ," ಅಂದೆ. ಮಗಳು ಹಟ ಮಾಡಿರಲಿಲ್ಲ. ಮಾಡಲಿ ಅಂತ ನನಗೆ ಆಸೆ, ಅಷ್ಟೇ.

ಮನೆಗೆ ಬಂದು ಇಬ್ಬರೂ ಕೂತೆವು. ಹಿಂದಿನ ದಿನವೇ ನೆನೆಹಾಕಿದ್ದ ರಾಜ್ಮಾ ಕುಕ್ಕರಿನಲ್ಲಿ ಮೆತ್ತಗಾಗಿತ್ತು. ಅವಳು ಗೋವಿನಜೋಳದ ತೆನೆ ಬಿಡಿಸಿದಳು, ನಾನು ಉಳ್ಳಾಗಡ್ಡಿ ಹೆಚ್ಚಿದೆ. ಎಲ್ಲ ಹುರಿಯುವಾಗ ಜೀರಿಗೆ ಪುಡಿ ಹಾಕಿ, ಅವಳು ಅತ್ತ ತಿರುಗಿದ ಹೊತ್ತಿಗೆ ಕೆಂಪು ಖಾರ ಒಂದು ಹಿಡಿ ಹಾಕಿದೆ. ಕೆಂಪಗಾದದ್ದು ನೋಡಿ ಅವಳು ಹೌಹಾರಿದಳು. "ಅಪ್ಪಾ! ಅಮ್ಮ ಇಷ್ಟು ಹಾಕಂಗೇ ಇಲ್ಲ." "ಮೆಕ್ಸಿಕೋದವರೂ ಖಾರ ತಿನ್ನೋ ಮಂದಿನೇ ಅಂತವ್ವಾ," ಅಂದೆ. ಅವರಿಗೇನು ನಾನು ಪರಿಚಯವೇ, ಬಂದು ಇಲ್ಲ ಅನ್ನಲು?

ಬೇಕರಿಯ ಹಿಟ್ಟು ಲಟ್ಟಿಸಿದರೆ ಹಿಗ್ಗುತ್ತದೆ, ಕೈ ಬಿಟ್ಟರೆ ಮತ್ತೆ ಮುದುಡುತ್ತದೆ. ನಾನು ಒಂದೊಂದನ್ನೂ ವಾಟಿ ಬೋರಲು ಇಟ್ಟು ಅದರ ಬಾಯಿಯ ಅಳತೆಗೆ ಕತ್ತರಿಸಿದೆ. "ನೀ ಹಿಟ್ಟನ್ನೂ ಮೋಟರಿನ ಗ್ಯಾಸ್ಕೆಟ್ ಕತ್ತರಿಸಿದಂಗ ಮಾಡಾಕತ್ತಿ," ಅಂತ ಅವಳು ಗೇಲಿ ಮಾಡಿದಳು. ಪಲ್ಯ ತುಂಬಿ, ಚೀಸ್ ತುರಿದು, ಅರ್ಧಕ್ಕೆ ಮಡಚಿ, ಅಂಚನ್ನು ಚಮಚದಿಂದ ಒತ್ತುವುದನ್ನು ಅವಳೇ ಮಾಡಿದಳು. ಹನ್ನೆರಡಾದವು. ಅವಳ ಹಣೆಗೆ ಹಿಟ್ಟು ಹತ್ತಿತ್ತು, ನಾನು ಹೇಳಲಿಲ್ಲ. ಅದು ಹಾಗೇ ಇರಲಿ, ಅವಳು ನನ್ನ ಮನೆಯ ಮಗಳಂತೆ ಕಾಣುತ್ತಿದ್ದಾಳೆ ಅನ್ನಿಸಿ ಕಣ್ಣು ತುಂಬಿ ಬಂತು. ಉಳ್ಳಾಗಡ್ಡಿ ಇತ್ತು, ನೆಪಕ್ಕೆ.

ಹಿಟ್ಟಿನ ಜೊತೆ ಬೇಕರಿಯಿಂದ ತಂದಿದ್ದ ಟ್ರೇಗೆ ಗುರುತು ಹಾಕುವಲ್ಲಿ ನಾನು ನನ್ನ ಜಾಣತನ ತೋರಿಸಿದೆ. ಕಾಗದದ ಚೀಟಿಯನ್ನು ನಾನು ನಂಬುವವನಲ್ಲ. ಅಂಗಡಿಗೆ ಬಂದ ಪ್ರತಿ ಮೋಟರಿನ ಕೊರಳಿಗೂ ತಗಡಿನ ಬಿಲ್ಲೆ ಕಟ್ಟಿ, ಊರಿನ ಹೆಸರು ಗೀರಿ ಇಡುತ್ತೇನೆ. ಇಪ್ಪತ್ತು ವರ್ಷದಲ್ಲಿ ಒಬ್ಬರ ಮೋಟರ್ ಇನ್ನೊಬ್ಬರಿಗೆ ಹೋದದ್ದಿಲ್ಲ. ಅಂಥದ್ದೇ ಒಂದು ಹಳೆಯ ಬಿಲ್ಲೆ ಹುಡುಕಿ, ಅದರ ಮೇಲೆ ಮಿಸ್ತ್ರಿ ಅಂತ ಗೀರಿ, ತಾಮ್ರದ ತಂತಿಯಿಂದ ಟ್ರೇಯ ಕಿವಿಗೆ ಬಿಗಿದೆ. ಬೇಕರಿಯಲ್ಲಿ ಮದುವೆ ಮನೆಯವರ ಗದ್ದಲ, ಟ್ರೇಗಳ ಸಾಲು. ಕೊಟ್ಟು ಬಂದೆವು.

ಮಧ್ಯಾಹ್ನ ಮೂರಕ್ಕೆ ಹೋದರೆ ಚಾಚಾ ಪೇಪರ್ ಮುಚ್ಚಿದ ಬಿಸಿ ಟ್ರೇ ಕೈಗಿಟ್ಟರು. ಮನೆಗೆ ತಂದು ಪೇಪರ್ ಎತ್ತಿದೆವು. ಒಳಗೆ ಚೊಕ್ಕವಾಗಿ ಸಾಲು ಹಿಡಿದ ನಾನಕಟಾಯಿ. ನನ್ನ ತಲೆಗೆ ಒಮ್ಮೆಲೇ ರಕ್ತ ಏರಿತು. ಟ್ರೇ ಹೊತ್ತು ಮತ್ತೆ ಬೇಕರಿಗೆ ಹೋಗಿ ದಬಾಯಿಸಿದೆ. ಚಾಚಾ ಶಾಂತವಾಗಿ ಹೇಳಿದರು. "ಆ ಮದುವಿ ಮನಿ ಚೌಡಾಪುರದವರದು ಆರು ಟ್ರೇ ಇದ್ವು ಮಿಸ್ತ್ರಿ. ಒಂದು ಟ್ರೇಕ್ಕ ತಗಡಿನ್ಯಾಗ ಚೌಡಾಪುರ ಅಂತ ಬರದಿತ್ತು. ಅದನ್ನೂ ಹಿಡದು ಆರು ಎಣಿಸಿ ಕೊಟ್ಟೆ. ಉಳದದ್ದು ನಿಮ್ದು ಅಂತ ತಿಳ್ಕೊಂಡೆ."

ಬಿಲ್ಲೆಯ ಹಿಂಬದಿ! ಹೋದ ತಿಂಗಳು ಚೌಡಾಪುರದ ಯಾರದೋ ಮೋಟರಿಗೆ ಕಟ್ಟಿದ್ದ ಬಿಲ್ಲೆ ಅದು. ಒಂದು ಮಗ್ಗುಲಿಗೆ ಹೊಸದಾಗಿ ಮಿಸ್ತ್ರಿ ಅಂತ ಗೀರಿದ ನಾನು ಇನ್ನೊಂದು ಮಗ್ಗುಲು ತಿರುಗಿಸಿ ನೋಡಿರಲಿಲ್ಲ. ಹೊತ್ತು ತಂದಿದ್ದ ಟ್ರೇಯನ್ನು ಮೆಲ್ಲಗೆ ಕೆಳಗಿಟ್ಟೆ. ಪಕ್ಕದಲ್ಲಿ ಮಗಳು ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ತಡೆಯಲಾರದೆ ಬಗ್ಗಿ ಬಗ್ಗಿ ನಕ್ಕಳು. "ಅಪ್ಪಾ, ನೀನೇ ಬರದದ್ದು!" ಐದು ವರ್ಷದಲ್ಲಿ ಅವಳು ನನ್ನ ಎದುರಿಗೆ ಹಾಗೆ ನಕ್ಕದ್ದು ನೆನಪಿಲ್ಲ. ದಿನಕ್ಕೊಂದು ಬಿಲ್ಲೆ ತಪ್ಪು ಕಟ್ಟಲು ನಾನು ತಯಾರಿದ್ದೆ.

ರೋಡಿನ ಮೇಲೇ ಮನೆ, ಹಂದರ ಹಾಕಿದ್ದಾರೆ ಅಂತ ಚಾಚಾ ಗುರುತು ಹೇಳಿದರು. ನಾನಕಟಾಯಿ ಟ್ರೇಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಬೈಕ್ ಹತ್ತಿದೆವು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ತೊಗರಿ ಕಿತ್ತ ಬೋಳು ಹೊಲ, ಅಲ್ಲಲ್ಲಿ ಕಬ್ಬಿನ ಹಸಿರು. ಸಣ್ಣವಳಿದ್ದಾಗ ಪೆಟ್ರೋಲ್ ಟಾಕಿಯ ಮೇಲೆ ನನ್ನ ಎದೆಗೊರಗಿ ಕೂರುತ್ತಿದ್ದಳು. ಈಗ ಹಿಂದೆ ಕೂತು ನನ್ನ ಅಂಗಿಯ ಮಗ್ಗುಲನ್ನು ಎರಡು ಬೆರಳಿನಿಂದ ಹಿಡಿದಿದ್ದಳು. ತಗ್ಗು ಬಂದಾಗ ಬಿಗಿಯಾಗಿ ಹಿಡಿಯುತ್ತಿದ್ದಳು. ಆ ರಸ್ತೆಯಲ್ಲಿ ತಗ್ಗಿಗೆ ಬರವಿಲ್ಲ, ಒಂದನ್ನೂ ನಾನು ತಪ್ಪಿಸಲಿಲ್ಲ.

ಚೌಡಾಪುರದ ಆ ಮನೆಯಲ್ಲಿ ಮದುಮಗಳ ಅಜ್ಜಿ ಹಂದರದ ಕೆಳಗೆ ಕೂತಿದ್ದಳು. ಸುದ್ದಿ ಹೇಳಿದ ಕೂಡಲೇ ಹಣೆ ಬಡಿದುಕೊಂಡಳು. "ಎಪ್ಪಾ, ನಿಮ್ದೇನು ಅವು! ಕರ್ಚಿಕಾಯಿ ಅಂತ ತಿಳದು ಕಚ್ಚಿದ್ರ ಒಳಗ ಖಾರ! ಮೊದಲ ಬೈದ್ವಿ, ಆಮ್ಯಾಲ ಎಲ್ಲಾರೂ ಕಸಗೊಂಡು ತಿಂದ್ರು ನೋಡು." ಹನ್ನೆರಡರಲ್ಲಿ ನಾಲ್ಕು ಉಳಿದಿದ್ದವು. ಬರಿಗೈಲಿ ಕಳಿಸುವುದಿಲ್ಲ ಅಂತ ಮಗಳನ್ನು ಪಕ್ಕದಲ್ಲೇ ಕೂಡಿಸಿಕೊಂಡಳು. ನಾನು ಮಿಸ್ತ್ರಿ ಅಂತ ಗೊತ್ತಾದ ಕೂಡಲೇ ಮನೆಯ ಯಜಮಾನ ನನ್ನನ್ನು ಹಿತ್ತಲಿಗೆ ಕರೆದೊಯ್ದ. ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಮೇಲಿಂದ ಮೇಲೆ ಟ್ರಿಪ್ ಆಗಿ ನಿಲ್ಲುತ್ತಿತ್ತಂತೆ. ಟೆಸ್ಟರ್ ಕೊಟ್ಟು ಅವನು ಹಂದರದ ಕೆಲಸಕ್ಕೆ ಹೋದ. ನಡುವೆ ಒಂದು ಗೋಡೆ, ಆಚೆಯ ಮಾತು ಈಚೆ ಸ್ವಚ್ಛ ಕೇಳುತ್ತಿತ್ತು.

"ನಿಮ್ಮವ್ವ ಎಲ್ಲಿರ್ತಾಳವ್ವಾ?" ಅಜ್ಜಿ ಕೇಳಿದಳು.

"ಸೋಲಾಪುರದಾಗ. ನಾನೂ ಅಲ್ಲೇ. ರಜಾಕ್ಕ ಇಲ್ಲಿ ಬರ್ತೇನಿ."

"ಅಪ್ಪ ಬರ್ತಾನೇನು ಅಲ್ಲಿಗಿ?"

"ಇಲ್ಲ ಆಯಿ. ಅಪ್ಪ ಒಮ್ಮೆನೂ ಬಂದಿಲ್ಲ. ಪ್ರತಿ ಸಲ ನಾನೇ ಬ್ಯಾಗ್ ತುಂಬಬೇಕು."

"ನೀ ಕರೀಬೇಕವ್ವಾ."

ಮಗಳು ಹೇಳಿದಳು. "ಸಾಲಿ ಫಂಕ್ಷನ್ ಇದ್ದಾಗ ಎಲ್ಲಾರ ಅಪ್ಪಂದಿರೂ ಬರ್ತಾರ. ನಾ ನಮ್ಮಪ್ಪಗ ಹೇಳಂಗೇ ಇಲ್ಲ. ಹೇಳಿ ಬರಲಿಲ್ಲಂದ್ರ? ಹೇಳದಿದ್ರ, ಅಪ್ಪಗ ಗೊತ್ತೇ ಇಲ್ಲ, ಅದಕ್ಕ ಬಂದಿಲ್ಲ ಅಂತ ಅನ್ಕೋಬಹುದು."

ಸ್ಟಾರ್ಟರಿನ ಮುಚ್ಚಳ ಕೈಯಲ್ಲಿತ್ತು. ಯಾವ ತಂತಿ ಎಲ್ಲಿಗೆ ಅನ್ನುವುದೇ ನನಗೆ ತಿಳಿಯದಾಯಿತು. ಐದು ವರ್ಷ ನಾನು ದುಧನಿಯಲ್ಲಿ ನಿಂತು, ಮಗಳು ದೂರವಾಗುತ್ತಿದ್ದಾಳೆ, ಅವಳ ತಾಯಿ ದೂರ ಮಾಡುತ್ತಿದ್ದಾಳೆ ಅಂತ ಕೊರಗಿದ್ದೆ. ಅವಳು ಬರುವ ದಾರಿ ನೋಡಿದ್ದೆ. ನನ್ನ ದಾರಿಯನ್ನೂ ಒಬ್ಬರು ನೋಡುತ್ತಿರಬಹುದು ಅಂತ ಈ ಮಂದಬುದ್ಧಿಗೆ ಒಂದು ದಿನವೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಗೋಡೆಗೆ ಹಣೆ ಹಚ್ಚಿ ನಿಂತೆ, ಆಮೇಲೆ ಹೇಗೋ ಸ್ಟಾರ್ಟರ್ ಸರಿಮಾಡಿ ಬಂದೆ.

ಹೊರಡುವಾಗ ಮಗಳು ಬೈಕಿನ ಹತ್ತಿರ ಹೋದಳು. ಅಜ್ಜಿ ನನ್ನನ್ನು ತಡೆದಳು. "ಮಿಸ್ತ್ರಿ, ನಿಮ್ಮೂರಿಂದ ಸೋಲಾಪುರಕ್ಕ ಬಸ್ ಇಲ್ಲೇನು?" ನಾನು ತಲೆ ತಗ್ಗಿಸಿ ಆಣೆಯ ವಿಷಯ ಹೇಳಿದೆ. ಅವಳ ಕೊರಳಲ್ಲೂ ಲಿಂಗ ಇಡುವ ಬೆಳ್ಳಿಯ ಕಾಯಿ ಇತ್ತು, ಅದನ್ನು ಮುಟ್ಟಿಕೊಂಡು ನನ್ನನ್ನು ನೋಡಿದಳು. "ಸಿಟ್ಟಿನ ಕೈಲೇ ಲಿಂಗ ಮುಟ್ಟಿದೇನೋ ಹುಚ್ಚಪ್ಪಾ? ಅದು ಆಣಿ ಅಲ್ಲ, ಅಪಚಾರ. ಇವತ್ತ ಪೂಜಿಗಿ ಕುಂತಾಗ ತಪ್ಪಾತು ಅನ್ನು, ಮುಗೀತು." ಐದು ವರ್ಷ ಹೊತ್ತದ್ದನ್ನು ಮುದುಕಿ ಇಷ್ಟರಲ್ಲಿ ಮುಗಿಸಿಬಿಟ್ಟಳು.

ಊರು ದಾಟಿ ಅರ್ಧ ದಾರಿಗೆ ಬಂದ ಮೇಲೆ ಮಗಳು ಹಸಿವೆ ಅಂದಳು. ಬಿಸಿಲು ಇಳಿದಿತ್ತು. ರಸ್ತೆಯ ಮಗ್ಗುಲಿಗೆ ಒಂದು ಸಣ್ಣ ಸೇತುವೆಯ ಕಟ್ಟೆ, ಅಲ್ಲೇ ಕೂತು ಅಜ್ಜಿ ಕಟ್ಟಿಕೊಟ್ಟಿದ್ದ ಆ ನಾಲ್ಕನ್ನು ಬಿಚ್ಚಿದೆವು. ಆರಿ ತಣ್ಣಗಾಗಿದ್ದವು, ಚೀಸ್ ಗಟ್ಟಿಯಾಗಿತ್ತು. ಅವಳು ಒಂದು ತುತ್ತು ಕಚ್ಚಿ ಕೆಮ್ಮಿದಳು. "ಖಾರ ಬಾಳ ಆಗ್ಯದ. ಹಿಟ್ಟೂ ದಪ್ಪ ಆಗ್ಯದ. ಅಮ್ಮಂದೇ ಚಲೋ ಇರ್ತದ," ಅಂದಳು. ಹಾಗಂದೇ ಒಂದನ್ನು ಮುಗಿಸಿ ಎರಡನೆಯದಕ್ಕೆ ಕೈ ಹಾಕಿದಳು. ನಮ್ಮ ಮನೆಯ ಊಟಕ್ಕೆ ಕೊನೆಗೂ ಹೆಸರಿಟ್ಟಳಲ್ಲ ಅಂತ ನನ್ನ ಜೀವಕ್ಕೆ ತಂಪಾಯಿತು.

ಮುಂದಿನ ಸಲ ಬರ್ತಿ ಏನು ಅಂತ ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಕೇಳಲಿಲ್ಲ.

"ಬರೋ ರವಿವಾರ ನಾ ಸೋಲಾಪುರಕ್ಕ ಬರ್ತೇನವ್ವಾ," ಅಂದೆ. "ನಿನ್ನ ನೋಡಾಕ. ಮನಿ ತನಕ ಬರ್ತೇನಿ."

ಅವಳು ಜಗಿಯುವುದನ್ನು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದಳು. ಒಂದು ಲಾರಿ ದಾಟಿ ಹೋಯಿತು.

"ನಮ್ಮನಿ ಎಲ್ಲದ ಗೊತ್ತದ ಏನು ನಿನಗ?"

"ಇಲ್ಲವ್ವಾ," ಅಂದೆ.

"ಬಸ್‌ಸ್ಟ್ಯಾಂಡಿನಿಂದ ಹೊರಗ ಬಂದು ಎಡಕ್ಕ ಹೊಳ್ಳು," ಅಂತ ಅವಳು ಶುರುಮಾಡಿದಳು. "ಕಬ್ಬಿನ ಹಾಲಿನ ಗಾಡಿ ಇರ್ತದ, ಅದನ್ನ ದಾಟಿದ ಮ್ಯಾಲ ಔಷಧ ಅಂಗಡಿ. ಅದರ ಬಾಜೂಕ ಸಣ್ಣ ಓಣಿ. ಮೊದಲನೇದು ಅಲ್ಲ, ಎರಡನೇ ಓಣಿ, ಮೊದಲನೇದರಾಗ ನಾಯಿ ಅವ. ಮೂರನೇ ಬಿಲ್ಡಿಂಗ್, ಹಸಿರು ಗೇಟ್. ಬೈಕ್ ಮ್ಯಾಲ ಬಂದ್ರ ಒಳಗ ಬೇವಿನ ಗಿಡದ ಕೆಳಗ ಹಚ್ಚು, ನೆರಳ ಇರ್ತದ. ವಾಚ್‌ಮನ್ ಕೇಳಿದ್ರ ನನ್ನ ಹೆಸರು ಹೇಳು, ನಾ ಆತಗ ಮೊದಲೇ ಹೇಳಿಟ್ಟೇನಿ."

ಎಲ್ಲೂ ತಡವರಿಸಲಿಲ್ಲ, ಎಲ್ಲೂ ನೆನಪು ಮಾಡಿಕೊಳ್ಳಲು ನಿಲ್ಲಲಿಲ್ಲ. ಅದು ಆ ಕಟ್ಟೆಯ ಮೇಲೆ ಕೂತು ಹೊಂದಿಸಿದ ಮಾತಲ್ಲ. ಯಾವಾಗಿನಿಂದಲೋ ನನಗೆ ಹೇಳಲೆಂದು ಇಟ್ಟುಕೊಂಡದ್ದು.

"ಮೆಟ್ಟಲ ಹತ್ತಿ ಮೂರನೇ ಮಜಲು," ಅಂದಳು. "ಬೆಲ್ ಕೆಟ್ಟದ, ಬಾಗಲಾ ಬಡಿ. ನಾನೇ ತಗೀತೇನಿ."